ಸಂಶೋಧನೆಯ ಫಲ ಯಾರಿಗೆ?

ಬಾದಾಮಿಯ ಕೆರೆಯ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವನ್ನು ಕೊರೆಯಿಸಿದವರು ಅದನ್ನು ಕೋಣೆಯೊಳಗಿರಿಸಿ ಕೀಲಿ ಹಾಕಲಿಲ್ಲ. ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡ್ಡದ ಬಸದಿಯ ಗೋಡೆಯ ಮೇಲೆ, ಶಕವರ್ಷ ೫೫೬ರಲ್ಲಿ, ಎಂದರೆ ಕ್ರಿ.ಶ. ೬೩೪–೩೫ರಲ್ಲಿ, ರವಿಕೀರ್ತಿಯು ರಚಿಸಿದ ಪ್ರಶಸ್ತಿಯೂ ಬಯಲಿಗೆ ಮುಖ ಮಾಡಿಯೇ ನಿಂತಿದೆ. ಆ ಕಾಲದಲ್ಲಿ ಅಕ್ಷರ ಬಲ್ಲವರು ಕೆಲವರೇ ಆಗಿದ್ದರೆಂಬುದು ನಿಜ. ಆದರೆ ಬಲ್ಲವನು ಬಂದು ಓದುವುದಕ್ಕೆ ಅಡ್ಡಿಯಿರಲಿಲ್ಲ. ಓದಿ ತಿಳಿಯಲೆಂದು ಬರೆದದ್ದನ್ನು ಓದಗೊಡಬೇಕೆಂಬ ಸಾಮಾನ್ಯ ನ್ಯಾಯವು ಅಂದಿನವರಿಗೆ ತಿಳಿದಿತ್ತು. ಅದೇ ಶಾಸನಗಳನ್ನು ಕುರಿತು ಇಂದಿನ ವಿದ್ವಾಂಸರು ಬರೆಯುವ ಪ್ರಬಂಧಗಳ ಗತಿಯೇನೆಂದು ವಿಚಾರಿಸಿದರೆ ಕಾಲವು ಮುಂದೆ ಸಾಗಿದೆಯೋ ಹಿಂದೆ ಸರಿದಿದೆಯೋ ಎಂಬ ಸಂಶಯ ಹುಟ್ಟುತ್ತದೆ.

ಚಾಲುಕ್ಯರ ವಾಸ್ತುಶಿಲ್ಪವನ್ನು ಕುರಿತು ವಿದೇಶದ ವಿದ್ವತ್ಪತ್ರಿಕೆಯೊಂದರಲ್ಲಿ ಹದಿನೈದು ಪುಟದ ಲೇಖನವೊಂದು ಅಚ್ಚಾಗಿದೆಯೆಂದು ಇಟ್ಟುಕೊಳ್ಳೋಣ. ಇಳಕಲ್ಲಿನ ಕಾಲೇಜಿನ ಇತಿಹಾಸದ ಉಪನ್ಯಾಸಕರು ಅದನ್ನು ಅಂತರ್ಜಾಲದಲ್ಲಿ ಹುಡುಕಿದರೆ ಮೊದಲ ನಾಲ್ಕೈದು ಸಾಲಿನ ಸಾರಾಂಶ ಮಾತ್ರ ಕಣ್ಣಿಗೆ ಬೀಳುತ್ತದೆ. ಉಳಿದುದನ್ನು ಓದಬೇಕಾದರೆ ಮೂವತ್ತು ನಲವತ್ತು ಡಾಲರು ತೆರಬೇಕು. ನಮ್ಮ ಹಣದಲ್ಲಿ ಎರಡು ಸಾವಿರ ರೂಪಾಯಿಗೆ ಮೇಲ್ಪಟ್ಟ ಮೊತ್ತ. ಹತ್ತು ಲೇಖನಗಳನ್ನು ಓದದೆ ಒಂದು ಲೇಖನವನ್ನು ಬರೆಯಲಾಗದೆಂಬುದು ಸಂಶೋಧನೆಯ ಮೊದಲ ಪಾಠ. ಆ ಪಾಠವನ್ನು ಪಾಲಿಸುವ ಸಾಮರ್ಥ್ಯ ನಮ್ಮ ತಾಲೂಕುಗಳ ಎಷ್ಟು ಜನ ಅಧ್ಯಾಪಕರಿಗೆ, ಎಷ್ಟು ಜನ ವಿದ್ಯಾರ್ಥಿಗಳಿಗೆ ಇದ್ದೀತು?

ಇದು ಎಲ್ಲಿಯೋ ನಡೆಯುವ ವಿದ್ವಾಂಸರ ವ್ಯಾಜ್ಯವೆಂದು ವಾಚಕರು ತಿಳಿಯಬಾರದು. ಬಾಗಲಕೋಟೆಯ ಸೀಮೆಯಷ್ಟು ಸಂಶೋಧಕರಿಗೆ ವಸ್ತುವನ್ನು ಒದಗಿಸಿದ ಪ್ರದೇಶಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ರಾಬರ್ಟ್ ಬ್ರೂಸ್ ಫೂಟರು ೧೮೭೬ರಲ್ಲಿ ಈ ಭಾಗದ ಭೂರಚನೆಯನ್ನು ಕುರಿತು ತಮ್ಮ ಗ್ರಂಥವನ್ನು ಪ್ರಕಟಿಸಿದಂದಿನಿಂದ ಕಲಾದಗಿಯ ಹೆಸರು ಭೂವಿಜ್ಞಾನದಲ್ಲಿ ನೆಲೆಗೊಂಡಿದೆ. ಕೆಳಗಿನ ಹಳೆಯ ಪದರುಗಳಿಗೆ ಬಾಗಲಕೋಟೆಯ ಹೆಸರನ್ನೂ, ಅವುಗಳ ಮೇಲೆ ಹಾಸಿಕೊಂಡಿರುವ ಮರಳುಗಲ್ಲಿನ ಪದರುಗಳಿಗೆ ಬಾದಾಮಿಯ ಹೆಸರನ್ನೂ ಭೂವಿಜ್ಞಾನಿಗಳು ಇಟ್ಟಿದ್ದಾರೆ. ಗುಹಾಲಯಗಳನ್ನು ಕಡೆದದ್ದು ಈ ಎರಡನೆಯ ಕಲ್ಲಿನಲ್ಲಿಯೇ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಜಾಣ್ಮೆಯನ್ನು ಕುರಿತು ಜವಳಿ ಶಾಸ್ತ್ರಜ್ಞರು ಬರೆದಿದ್ದಾರೆ. ದಾಳಿಂಬೆಯ ತೋಟಗಳನ್ನು ಹಾಳುಗೆಡಹುವ ದುಂಡಾಣು ಅಂಗಮಾರಿಯನ್ನು ಕುರಿತು ಸಸ್ಯರೋಗ ತಜ್ಞರು ಬರೆದಿದ್ದಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ ನವನಗರವೆದ್ದ ಕಥೆಯನ್ನು ಸಮಾಜಶಾಸ್ತ್ರಜ್ಞರು ಬರೆದಿದ್ದಾರೆ.

ಈ ಬರವಣಿಗೆಗೆಲ್ಲ ಮೂಲದ್ರವ್ಯವನ್ನು ಕೊಟ್ಟವರು ಇಲ್ಲಿಯ ಜನ. ನೇಕಾರನು ಮಗ್ಗವನ್ನು ನಿಲ್ಲಿಸಿ ಪ್ರಶ್ನೆಗಳಿಗೆ ಉತ್ತರ ಹೇಳಿದ್ದಾನೆ. ರೈತನು ರೋಗ ಬಿದ್ದ ಟೊಂಗೆಯನ್ನು ಕೊಯ್ದು ಕೊಟ್ಟಿದ್ದಾನೆ. ಮನೆ ಮುಳುಗಿದ ತಾಯಿಯು ತನ್ನ ಸಂಸಾರದ ಲೆಕ್ಕವನ್ನು ಅಪರಿಚಿತನ ಮುಂದೆ ಬಿಚ್ಚಿಟ್ಟಿದ್ದಾಳೆ. ಸಂಶೋಧಕರಲ್ಲಿ ಬಹುಪಾಲು ಜನರ ಸಂಬಳ, ಪ್ರಯಾಣವೆಚ್ಚ, ಪ್ರಯೋಗಶಾಲೆಗಳೆಲ್ಲ ಸರಕಾರದ ಬೊಕ್ಕಸದಿಂದ ಬಂದವು. ಇಷ್ಟಾದರೂ ಬರೆದದ್ದು ಮರಳಿ ಈ ಜನರ ಕೈಗೆ ಬಾರದಿದ್ದರೆ, ದೀಪದ ಬುಡದಲ್ಲಿಯೇ ಕತ್ತಲೆಯೆಂಬ ಮಾತು ಸುಳ್ಳಾಗುವುದಿಲ್ಲ. ಜಲಾಶಯದ ಮಟ್ಟವನ್ನು ೫೧೯.೬೦ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸುವ ವಿಚಾರವು ೨೦೧೦ರ ನ್ಯಾಯಮಂಡಳಿಯ ತೀರ್ಪಿನಿಂದೀಚೆಗೆ ನಡೆದೇ ಇದೆ. ಹೊಲ ಕಳೆದುಕೊಳ್ಳಲಿರುವ ಹಳ್ಳಿಯವರು, ಹಿಂದೆ ಹೊಲ ಕಳೆದುಕೊಂಡವರ ಪಾಡನ್ನು ವಿದ್ವಾಂಸರು ಅಳೆದು ಬರೆದುದನ್ನು ಓದಲು ಬಯಸಿದರೆ, ಅದನ್ನು ಕುತೂಹಲವೆಂದು ತಳ್ಳಿಹಾಕುವಂತಿಲ್ಲ. ಅದು ಅವರ ಬದುಕಿನ ಪ್ರಶ್ನೆ.

ಹಿಂದಿನ ಕಾಲದಲ್ಲಿ ಪರಿಸ್ಥಿತಿಯು ಉತ್ತಮವಾಗಿತ್ತೆಂದು ನಾವು ಹೇಳುತ್ತಿಲ್ಲ. ಜೇಮ್ಸ್ ಬರ್ಜೆಸರು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪ್ರಾಚೀನ ಅವಶೇಷಗಳನ್ನು ಕುರಿತ ವರದಿಯನ್ನು ೧೮೭೪ರಲ್ಲಿ ಪ್ರಕಟಿಸಿದರು. ಅದಕ್ಕೆ ಎರಡು ವರ್ಷ ಮೊದಲೇ, ೧೮೭೨ರಲ್ಲಿ, ಮುಂಬಯಿಯಲ್ಲಿ 'ಇಂಡಿಯನ್ ಆಂಟಿಕ್ವರಿ' ಎಂಬ ಮಾಸಪತ್ರಿಕೆಯನ್ನು ಅವರೇ ಆರಂಭಿಸಿದ್ದರು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟರು ಐಹೊಳೆಯ ಪ್ರಶಸ್ತಿಯನ್ನೂ ಕಪ್ಪೆ ಅರಭಟ್ಟನ ಶಾಸನವನ್ನೂ ಆ ಪತ್ರಿಕೆಯ ಪುಟಗಳಲ್ಲಿ ಸಂಪಾದಿಸಿ ಬೆಳಕಿಗೆ ತಂದರು. ಐಹೊಳೆಯ ಪಾಠವನ್ನು ಮುಂದೆ ಕೀಲ್‌ಹಾರ್ನರು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ತಿದ್ದಿ ಪ್ರಕಟಿಸಿದರು. ಆ ಸಂಪುಟಗಳು ಇಂಗ್ಲಿಷಿನಲ್ಲಿದ್ದವು, ಬೆಲೆಯುಳ್ಳವಾಗಿದ್ದವು, ದೊಡ್ಡ ಪಟ್ಟಣಗಳ ಗ್ರಂಥಭಾಂಡಾರಗಳಲ್ಲಿ ಮಾತ್ರ ಸಿಕ್ಕುತ್ತಿದ್ದವು. ಇಂದು ಅವುಗಳ ಸ್ವಾಮ್ಯದ ಅವಧಿಯು ಮುಗಿದಿದೆ. ಅವುಗಳ ಪುಟಚಿತ್ರಗಳನ್ನು ಹುನಗುಂದದ ವಿದ್ಯಾರ್ಥಿಯು ಕೈಯಲ್ಲಿಯ ಫೋನಿನಲ್ಲಿಯೇ ಕಾಸು ಕೊಡದೆ ಓದಬಹುದು.

ಇಲ್ಲಿ ಒಂದು ವಿಚಿತ್ರವಾದ ಪರಿಣಾಮವುಂಟಾಗಿದೆ. ನೂರ ನಲವತ್ತು ವರ್ಷಗಳ ಹಿಂದಿನ ವಿದ್ವತ್ತು ಉಚಿತವಾಗಿ ದೊರೆಯುತ್ತದೆ. ಹತ್ತು ವರ್ಷಗಳ ಹಿಂದಿನ ವಿದ್ವತ್ತಿಗೆ ಬೀಗ. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಫ್ಲೀಟರನ್ನು ಉದ್ಧರಿಸುತ್ತಾರೆ, ಫ್ಲೀಟರ ತರುವಾಯ ನಡೆದ ಚರ್ಚೆಯನ್ನು ಕಾಣರು. ಪಂಡಿತರು ಎಂದೋ ತಿದ್ದಿದ ಪಾಠ, ಎಂದೋ ಕೈಬಿಟ್ಟ ಕಾಲನಿರ್ಣಯ ನಮ್ಮ ಹೊಸ ಪ್ರಬಂಧಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತವೆ. ಪರೀಕ್ಷಕರು ಅದನ್ನು ವಿದ್ಯಾರ್ಥಿಯ ಆಲಸ್ಯವೆಂದು ಬರೆಯುತ್ತಾರೆ. ಆಲಸ್ಯವೂ ಇರಬಹುದು, ಆದರೆ ಮುಚ್ಚಿದ ಬಾಗಿಲಿನ ಪಾಲೂ ಅದರಲ್ಲಿದೆಯೆಂಬುದನ್ನು ಮರೆಯಲಾಗದು.

ಬಾಗಿಲು ತೆರೆಯುವ ಕೆಲಸದಲ್ಲಿ ನಮ್ಮ ಸೀಮೆಗೆ ಒಂದು ದೊಡ್ಡ ಪರಂಪರೆಯಿದೆ. ಬಾಗಲಕೋಟೆಯು ೧೯೯೭ರಲ್ಲಿ ಬೇರೆ ಜಿಲ್ಲೆಯಾಗುವ ಮುನ್ನ ವಿಜಾಪುರ ಜಿಲ್ಲೆಯೊಳಗಿದ್ದಿತು. ಆ ವಿಜಾಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರು ಹಳ್ಳಿಪಟ್ಟಣಗಳ ಮನೆಮಠಗಳಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ, ಪ್ರತಿ ಮಾಡಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರು ಇದಕ್ಕಾಗಿ ಸ್ವಂತ ಮನೆಯನ್ನೂ ಮಾರಿದ ಸಂಗತಿಯನ್ನು ಕನ್ನಡಿಗರೆಲ್ಲ ಬಲ್ಲರು. ಪೂಜೆಯ ಗಂಟಾಗಿದ್ದುದನ್ನು ಅವರು ಓದುವ ಪುಸ್ತಕವನ್ನಾಗಿ ಮಾಡಿದರು. ೧೯೯೩ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಿತು. ಇಂದು 'ವಚನ ಸಂಚಯ'ವೆಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯಾರು ಬೇಕಾದರೂ ಪದ ಹಿಡಿದು ಹುಡುಕಬಹುದು. ಕೂಡಲಸಂಗಮದ ನಾಡಿನಲ್ಲಿ ಕುಳಿತ ಶಾಲೆಯ ಮಾಸ್ತರರಿಗೂ ದೂರದೇಶದ ಪ್ರಾಧ್ಯಾಪಕರಿಗೂ ಇಲ್ಲಿ ಸಮಾನವಾದ ಅನುಕೂಲ. ವಚನಗಳಿಗೆ ಆದದ್ದು ವಚನಗಳನ್ನು ಕುರಿತ ಸಂಶೋಧನೆಗೆ ಆಗಬಾರದೇಕೆ?

ಬೀಗ ಬಿದ್ದದ್ದು ಹೇಗೆಂಬುದನ್ನು ಮೊದಲು ತಿಳಿಯಬೇಕು. ಕತೆಗಾರನಿಗೆ ಪ್ರಕಾಶಕನು ಗೌರವಧನ ಕೊಡುತ್ತಾನೆ. ಸಂಶೋಧನ ಲೇಖನಕ್ಕೆ ಲೇಖಕನಿಗೆ ಏನೂ ಸಲ್ಲುವುದಿಲ್ಲ. ಲೇಖನವು ಯೋಗ್ಯವೋ ಅಲ್ಲವೋ ಎಂದು ಪರಿಶೀಲಿಸುವ ವಿದ್ವಾಂಸರಿಗೂ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಲೇಖಕನು ಸ್ವಾಮ್ಯವನ್ನು ಪ್ರಕಾಶಕನಿಗೆ ಬರೆದುಕೊಡುತ್ತಾನೆ. ಪ್ರಕಾಶಕನು ಅದನ್ನು ಅದೇ ವಿಶ್ವವಿದ್ಯಾಲಯಗಳಿಗೆ ದೊಡ್ಡ ಚಂದಾಹಣಕ್ಕೆ ಮಾರುತ್ತಾನೆ. ಅಚ್ಚು, ಕಾಗದ, ಟಪಾಲುಗಳ ಕಾಲದಲ್ಲಿ ಈ ವ್ಯವಸ್ಥೆಗೆ ಒಂದು ಸಮರ್ಥನೆಯಿತ್ತು. ಒಂದು ಪ್ರತಿಯನ್ನು ಲೋಕಕ್ಕೆಲ್ಲ ಕ್ಷಣದಲ್ಲಿ ಮುಟ್ಟಿಸಬಹುದಾದ ಕಾಲದಲ್ಲಿ ಅದರ ಬಹುಭಾಗ ಉಳಿದಿಲ್ಲ. ೨೦೦೨ರ ಫೆಬ್ರುವರಿಯಲ್ಲಿ ಬುಡಾಪೆಸ್ಟ್ ಘೋಷಣೆಯ ಮೂಲಕ ಹಲವು ದೇಶಗಳ ವಿದ್ವಾಂಸರು ಈ ಮಾತನ್ನೇ ಎತ್ತಿ ಹಿಡಿದರು. ಮುಕ್ತ ಪ್ರಕಟಣೆಯೆಂಬ ಚಳುವಳಿಗೆ ಅಲ್ಲಿಂದ ಹೆಸರೂ ರೂಪವೂ ಬಂದಿತು.

ಈ ಗುರಿಗೆ ಮೂರು ದಾರಿಗಳಿವೆ. ಮೂರರ ಗುಣದೋಷಗಳೂ ಒಂದೇ ಅಲ್ಲ.

ಮೊದಲನೆಯದು ನಿಕ್ಷೇಪದ ದಾರಿ. ಲೇಖಕನು ತನಗೆ ಬೇಕಾದ ಪತ್ರಿಕೆಯಲ್ಲಿಯೇ ಪ್ರಕಟಿಸಲಿ. ಪರಿಶೀಲನೆಯಾಗಿ ಒಪ್ಪಿಗೆ ಪಡೆದ ತನ್ನ ಕೈಬರಹದ ಪ್ರತಿಯನ್ನು ತನ್ನ ಸಂಸ್ಥೆಯ ಮುಕ್ತ ಭಾಂಡಾರದಲ್ಲಿಯೂ ಇಡಲಿ. ಎಷ್ಟೋ ಪ್ರಕಾಶಕರು ಇದಕ್ಕೆ ಸಮ್ಮತಿಸುತ್ತಾರೆ. ಕೆಲವರು ಆರು ತಿಂಗಳು, ಒಂದು ವರ್ಷ ತಡೆದು ಇಡಿರೆನ್ನುತ್ತಾರೆ. ಭೌತವಿಜ್ಞಾನಿಗಳು ೧೯೯೧ರಿಂದಲೇ 'ಆರ್ಕೈವ್' ಎಂಬ ಭಾಂಡಾರದಲ್ಲಿ ತಮ್ಮ ಲೇಖನಗಳನ್ನು ಪತ್ರಿಕೆಗೆ ಮುನ್ನವೇ ಇಡುತ್ತ ಬಂದಿದ್ದಾರೆ. ಅದರಿಂದ ಆ ಶಾಸ್ತ್ರವು ಕೆಡಲಿಲ್ಲ, ಬೆಳೆಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೨೦೦೨ರಲ್ಲಿ ಇಂಥ ಭಾಂಡಾರವನ್ನು ತೆರೆದು ದೇಶಕ್ಕೆ ದಾರಿ ತೋರಿಸಿತು. ಇದರಲ್ಲಿ ಹಣದ ಖರ್ಚು ಅತ್ಯಲ್ಪ.

ಎರಡನೆಯದು ಲೇಖಕಶುಲ್ಕದ ದಾರಿ. ಓದುಗನು ಕೊಡಬೇಕಾದುದನ್ನು ಲೇಖಕನಿಂದ ವಸೂಲು ಮಾಡಿ ಲೇಖನವನ್ನು ಮುಕ್ತವಾಗಿಸುವುದು ಇದರ ಕ್ರಮ. ಪ್ರಸಿದ್ಧವಾದ 'ನೇಚರ್' ಪತ್ರಿಕೆಯು ೨೦೨೧ರಿಂದ ಈ ಕ್ರಮದಲ್ಲಿ ಒಂದು ಲೇಖನಕ್ಕೆ ೯,೫೦೦ ಯೂರೋ ಗೊತ್ತುಮಾಡಿತು. ಓದುವ ಬಾಗಿಲಿನ ಬೀಗವನ್ನು ತೆಗೆದು ಬರೆಯುವ ಬಾಗಿಲಿಗೆ ಹಾಕಿದಂತಾಯಿತು. ಬಾದಾಮಿಯ ಅಧ್ಯಾಪಕನಿಗೆ ಎರಡೂ ಒಂದೇ. ಇದೇ ದಾರಿಯಲ್ಲಿ ಇನ್ನೊಂದು ಅನರ್ಥವೂ ಹುಟ್ಟಿತು. ಬಡ್ತಿಗೆ ಲೇಖನಗಳ ಎಣಿಕೆಯೇ ಅಳತೆಯಾದಾಗ, ಕೆಲವು ಸಾವಿರ ರೂಪಾಯಿ ಕಳುಹಿಸಿದರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೮ರಲ್ಲಿ ತನ್ನ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ಒಮ್ಮೆಗೇ ಕಿತ್ತುಹಾಕಬೇಕಾಯಿತು. ಇವುಗಳ ದೆಸೆಯಿಂದ, ಉಚಿತವಾಗಿ ಸಿಕ್ಕುವುದೆಲ್ಲ ಹಗುರವೆಂಬ ಅಪಖ್ಯಾತಿಯು ಒಳ್ಳೆಯ ಮುಕ್ತ ಪತ್ರಿಕೆಗಳಿಗೂ ಅಂಟಿತು.

ಮೂರನೆಯದು, ಓದುಗನಿಂದಲೂ ಲೇಖಕನಿಂದಲೂ ಏನನ್ನೂ ಕೇಳದೆ ವಿದ್ವತ್ಸಭೆಗಳೂ ವಿಶ್ವವಿದ್ಯಾಲಯಗಳೂ ತಾವೇ ಪತ್ರಿಕೆಯನ್ನು ನಡೆಯಿಸುವ ದಾರಿ. ಸರ್ ಸಿ. ವಿ. ರಾಮನ್ನರು ೧೯೩೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳನ್ನು ಅದರ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಬ್ರೆಜಿಲ್ ದೇಶದಲ್ಲಿ ೧೯೯೮ರಲ್ಲಿ ಆರಂಭವಾದ 'ಸೈಯೆಲೊ' ಎಂಬ ವ್ಯವಸ್ಥೆಯು ಸಾರ್ವಜನಿಕ ಹಣದಿಂದಲೇ ನೂರಾರು ಪತ್ರಿಕೆಗಳನ್ನು ಮುಕ್ತವಾಗಿರಿಸಿದೆ. ಇಂಗ್ಲಿಷಲ್ಲದ ಭಾಷೆಯ ವಿದ್ವತ್ತಿಗೆ ಗೌರವದ ಸ್ಥಾನವನ್ನು ಅದು ದೊರಕಿಸಿತು. ಕನ್ನಡಕ್ಕೆ ಪಾಠವಾಗತಕ್ಕ ಉದಾಹರಣೆಯಿದು.

ನಮ್ಮ ಸರಕಾರಗಳು ಏನೂ ಮಾಡಿಲ್ಲವೆನ್ನುವುದು ಅನ್ಯಾಯದ ಮಾತಾದೀತು. ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ತಮ್ಮ ಹಣದಿಂದ ನಡೆದ ಸಂಶೋಧನೆಯ ಲೇಖನಗಳನ್ನು ಮುಕ್ತ ಭಾಂಡಾರಗಳಲ್ಲಿ ಇಡಬೇಕೆಂಬ ನೀತಿಯನ್ನು ೨೦೧೪ರ ಡಿಸೆಂಬರಿನಲ್ಲಿ ಗೊತ್ತುಮಾಡಿದವು. ಡಾಕ್ಟರೇಟಿನ ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಬೇಕೆಂದು ಆಯೋಗವು ೨೦೦೯ರಲ್ಲಿ ನಿಯಮ ಮಾಡಿತು. ಅವುಗಳನ್ನು ಕೂಡಿಸಿದ 'ಶೋಧಗಂಗಾ' ಭಾಂಡಾರದಲ್ಲಿ ಇಂದು ಲಕ್ಷಗಟ್ಟಲೆ ಪ್ರಬಂಧಗಳಿವೆ. ೨೦೨೪ರ ನವೆಂಬರ್ ೨೫ರಂದು ಕೇಂದ್ರ ಮಂತ್ರಿಮಂಡಲವು 'ಒಂದು ರಾಷ್ಟ್ರ, ಒಂದು ಚಂದಾ' ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿ; ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು; ೬,೩೦೦ಕ್ಕೂ ಮಿಕ್ಕ ಸರಕಾರಿ ಸಂಸ್ಥೆಗಳು ಇದರ ವ್ಯಾಪ್ತಿಯಲ್ಲಿವೆ.

ಇದು ಸಣ್ಣ ಉಪಕಾರವಲ್ಲ. ಸರಕಾರಿ ಪ್ರಥಮದರ್ಜೆ ಕಾಲೇಜಿನ ವಿದ್ಯಾರ್ಥಿಗೆ ಹಿಂದೆ ಕನಸಿನಲ್ಲಿಯೂ ಸಿಗದಿದ್ದ ಪತ್ರಿಕೆಗಳು ಇದರಿಂದ ದೊರೆಯುವಂತಾದವು. ಆದರೆ ಚಂದಾ ಕೊಟ್ಟು ಓದುವುದೂ ಮುಕ್ತವಾಗಿ ಓದುವುದೂ ಒಂದೇ ಅಲ್ಲ. ಬಾಡಿಗೆಯ ಎತ್ತಿನಿಂದ ಹೊಲ ಉಳಬಹುದು. ಬಾಡಿಗೆ ನಿಂತ ದಿನ ಎತ್ತೂ ಇಲ್ಲ. ಇನ್ನೊಂದು ಮಾತು: ಈ ಯೋಜನೆಯ ಮೊದಲ ಹಂತವು ಸರಕಾರದ ಆಡಳಿತದಲ್ಲಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ನಮ್ಮ ಜಿಲ್ಲೆಯ ಉಚ್ಚ ಶಿಕ್ಷಣವನ್ನಾದರೋ ಬಹುಮಟ್ಟಿಗೆ ಕಟ್ಟಿ ಬೆಳೆಸಿದವು ಊರವರ ಸಂಘಗಳು, ಮಠಗಳು. ಬಾಗಲಕೋಟೆಯಲ್ಲಿ ೧೯೦೬ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವಾಗಲಿ, ಹುನಗುಂದ ಇಳಕಲ್ಲುಗಳಲ್ಲಿ ವಿಜಯ ಮಹಾಂತೇಶರ ಹೆಸರಿನಲ್ಲಿ ನಡೆದುಬಂದ ಸಂಸ್ಥೆಗಳಾಗಲಿ ಸರಕಾರದ ದಾರಿ ಕಾಯದೆ ಶಾಲೆ ಕಾಲೇಜುಗಳನ್ನು ತೆರೆದವು. ಸರಕಾರಕ್ಕಿಂತ ಮೊದಲು ಕೆಲಸಕ್ಕೆ ಕೈಹಾಕಿದವರ ಮಕ್ಕಳು ಸರಕಾರದ ಸೌಲಭ್ಯದ ಸಾಲಿನಲ್ಲಿ ಹೊರಗೆ ನಿಲ್ಲುವುದು ನ್ಯಾಯವಲ್ಲ.

ಸಂಸ್ಥೆಯೇ ಇಲ್ಲದ ವಿದ್ವಾಂಸನ ಗತಿಯು ಇನ್ನೂ ಕಷ್ಟದ್ದು. ಕನ್ನಡ ನಾಡಿನ ಸ್ಥಳೀಯ ಇತಿಹಾಸವನ್ನು ಬರೆದವರಲ್ಲಿ ನಿವೃತ್ತ ಮಾಸ್ತರರು, ವಕೀಲರು, ಪೋಸ್ಟ್ ಮಾಸ್ತರರು, ಮಠದ ಪಂಡಿತರು ಎಷ್ಟು ಜನವೆಂಬುದನ್ನು ವಾಚಕರು ಬಲ್ಲರು. ಹಳಕಟ್ಟಿಯವರೂ ವಕೀಲರೇ. ಕಾಲೇಜಿನ ಗುರುತಿನ ಚೀಟಿಯಿಲ್ಲದವನಿಗೆ ಓದಲು ಅಧಿಕಾರವಿಲ್ಲವೆಂಬ ಈಗಿನ ವ್ಯವಸ್ಥೆಯಲ್ಲಿ ಇನ್ನೊಬ್ಬ ಹಳಕಟ್ಟಿಯವರು ಹುಟ್ಟಬೇಕಾದರೆ ಬಹಳ ಕಷ್ಟಪಡಬೇಕಾದೀತು.

ಇಷ್ಟು ಹೊತ್ತು ಹೊರಗಿನವರ ಬೀಗದ ಮಾತಾಯಿತು. ನಾವೇ ಹಾಕಿಕೊಂಡ ಬೀಗಗಳೂ ಇವೆ. ಕನ್ನಡದಲ್ಲಿ ನಡೆದ ಒಳ್ಳೆಯ ಸಂಶೋಧನೆಯ ದೊಡ್ಡ ಭಾಗವು ಅಭಿನಂದನ ಗ್ರಂಥಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಕಾಲೇಜುಗಳ ವಿಚಾರ ಸಂಕಿರಣದ ಸಂಪುಟಗಳಲ್ಲಿ ಹುದುಗಿದೆ. ಐದುನೂರು ಪ್ರತಿ ಅಚ್ಚಾಗುತ್ತದೆ. ಸಮಾರಂಭದ ದಿನ ಅತಿಥಿಗಳಿಗೆ, ದಾನಿಗಳಿಗೆ ಹಂಚಿಕೆಯಾಗುತ್ತದೆ. ಉಳಿದುದು ಕಚೇರಿಯ ಕಪಾಟಿನಲ್ಲಿ ಗೆದ್ದಲಿಗೆ ಕಾದಿರುತ್ತದೆ. ಹತ್ತು ವರ್ಷಗಳ ಮೇಲೆ ಆ ಲೇಖನ ಬೇಕಾದವನು ಊರೂರು ಅಲೆಯಬೇಕು. ಇದಕ್ಕೆ ಯಾವ ವಿದೇಶೀ ಪ್ರಕಾಶಕನೂ ಹೊಣೆಯಲ್ಲ.

ಅಂತರ್ಜಾಲಕ್ಕೆ ಏರಿದ ಕನ್ನಡ ಪ್ರಬಂಧಗಳಿಗೂ ಒಂದು ಕುಂದಿದೆ. ಹಲವು ಪ್ರಬಂಧಗಳು ಬರಿಯ ಪುಟಚಿತ್ರಗಳು. ಹಲವು, ಯೂನಿಕೋಡಿಗೆ ಹೊಂದದ ಹಳೆಯ ಲಿಪಿವಿನ್ಯಾಸದಲ್ಲಿ ಬೆರಳಚ್ಚಾದವು. ಕಣ್ಣಿಗೆ ಕನ್ನಡವಾಗಿ ತೋರುವ ಆ ಅಕ್ಷರಗಳು ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳು. 'ಐಹೊಳೆ' ಎಂದು ಹುಡುಕಿದವನಿಗೆ ಐಹೊಳೆಯನ್ನೇ ಕುರಿತ ಪ್ರಬಂಧವು ಸಿಕ್ಕುವುದಿಲ್ಲ. ಬೀಗವಿಲ್ಲದ ಮನೆಗೆ ಬಾಗಿಲೇ ಇಲ್ಲದಂತಹ ಸ್ಥಿತಿಯಿದು. ಯೂನಿಕೋಡಿನಲ್ಲಿ ಬೆರಳಚ್ಚು ಮಾಡುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಮಾರ್ಗದರ್ಶಕರು ಒಂದು ಮಾತು ಹೇಳಿದರೆ ಸಾಕು.

ಮುಕ್ತ ಪ್ರಕಟಣೆಗೆ ಎರಡು ಆಕ್ಷೇಪಣೆಗಳನ್ನು ಕೇಳುತ್ತೇವೆ. ಎಲ್ಲವನ್ನೂ ಉಚಿತವಾಗಿ ಕೊಟ್ಟರೆ ಕನ್ನಡ ಪ್ರಕಾಶಕನ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬುದು ಒಂದು. ಕಾದಂಬರಿ, ಕವನ, ಪಠ್ಯಪುಸ್ತಕಗಳ ಮಾತನ್ನು ನಾವು ಆಡುತ್ತಿಲ್ಲ. ಬರೆದು ಬದುಕುವವನಿಗೆ ಬರೆದುದರ ಬೆಲೆ ಸಲ್ಲಲೇಬೇಕು. ನಮ್ಮ ಮಾತು, ಸಂಬಳವೋ ಅನುದಾನವೋ ಪಡೆದು ಬರೆದ, ಲೇಖಕನಿಗೆ ಎಂದೂ ಕಾಸು ತಾರದ ಸಂಶೋಧನ ಲೇಖನಗಳಿಗೆ ಮಾತ್ರ ಸಂಬಂಧಿಸಿದ್ದು. ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ೨೦೧೪ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು; ಅದರಿಂದ ಕನ್ನಡದ ಯಾವ ಪ್ರಕಾಶಕನೂ ಬಡವಾಗಲಿಲ್ಲ.

ಬಯಲಲ್ಲಿ ಇಟ್ಟದ್ದನ್ನು ಕಳ್ಳರು ಕದ್ದು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಕೊಳ್ಳುವರೆಂಬುದು ಎರಡನೆಯ ಆಕ್ಷೇಪಣೆ. ಅನುಭವವು ಇದಕ್ಕೆ ವಿರುದ್ಧವಾಗಿದೆ. ಕೃತಿಚೌರ್ಯವು ಕತ್ತಲೆಯಲ್ಲಿ ಸುಲಭ; ಎಲ್ಲರೂ ಓದಬಲ್ಲ ಕಡೆ ಕದ್ದವನು ಬೇಗ ಸಿಕ್ಕಿಬೀಳುತ್ತಾನೆ. ಯಾರೂ ಕಾಣದ ಸ್ಮರಣ ಸಂಚಿಕೆಯಿಂದ ಕದ್ದ ಲೇಖನವು ಪತ್ತೆಯಾಗದೆ ಉಳಿಯುವ ಸಂಭವವೇ ಹೆಚ್ಚು.

ಕಾನೂನನ್ನು ಮುರಿದು ಬೀಗವೊಡೆಯಿರೆಂದು ನಾವು ಯಾರಿಗೂ ಹೇಳುವವರಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ, ಕಾನೂನಿನೊಳಗೇ ಅವಕಾಶವಿದೆ. ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ನೆರಳಚ್ಚು ಮಾಡಿ ವಿದ್ಯಾರ್ಥಿಗಳಿಗೆ ಒದಗಿಸುವುದು ಅಪರಾಧವಲ್ಲವೆಂದು ದೆಹಲಿಯ ಉಚ್ಚ ನ್ಯಾಯಾಲಯವು ೨೦೧೬ರಲ್ಲಿ ತೀರ್ಮಾನಿಸಿತು. ಗ್ರಂಥಸ್ವಾಮ್ಯವು ಲೇಖಕನು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ ಅರವತ್ತು ವರ್ಷ ಮಾತ್ರ. ಹಳಕಟ್ಟಿಯವರು ೧೯೬೪ರಲ್ಲಿ ಲಿಂಗೈಕ್ಯರಾದರು. ಎಂದಮೇಲೆ ಅವರು ತಮ್ಮ ಜೀವಮಾನದಲ್ಲಿ ಪ್ರಕಟಿಸಿದ ಸ್ವಂತ ಬರಹಗಳು ೨೦೨೫ರ ಜನವರಿ ೧ರಿಂದ ನಾಡಿನ ಸ್ವತ್ತು. ಮನೆ ಮಾರಿ ಅಚ್ಚು ಹಾಕಿಸಿದವರ ಬರಹಗಳನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಲೋಕದ ಮುಂದಿಡಲು ಇನ್ನು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಯಾವುದಿದೆ?

ಆದ್ದರಿಂದ ಈ ನಾಲ್ಕು ಊರುಗಳ ವಿದ್ಯಾಸಂಸ್ಥೆಗಳ ಮುಂದೆ ಕೆಲವು ಸೂಚನೆಗಳನ್ನು ಇಡಬಯಸುತ್ತೇವೆ. ಮೊದಲನೆಯದಾಗಿ, ಜಿಲ್ಲೆಯ ಕಾಲೇಜುಗಳು ಕೂಡಿ ಒಂದು ಮುಕ್ತ ಭಾಂಡಾರವನ್ನು ತೆರೆಯಲಿ. 'ಡಿಸ್ಪೇಸ್', 'ಈಪ್ರಿಂಟ್ಸ್' ಎಂಬ ತಂತ್ರಾಂಶಗಳಿಗೆ ಬೆಲೆಯಿಲ್ಲ. ಬೇಕಾದುದು ಒಂದು ಗಣಕಯಂತ್ರ, ಒಬ್ಬ ಆಸಕ್ತ ಗ್ರಂಥಪಾಲ, ಅಧ್ಯಾಪಕರ ಮನಸ್ಸು. ಅಧ್ಯಾಪಕನ ಬಡ್ತಿಗೆ ಲೆಕ್ಕ ಹಾಕುವಾಗ ಭಾಂಡಾರದಲ್ಲಿ ಇಟ್ಟ ಲೇಖನವನ್ನೇ ಲೇಖನವೆಂದು ಎಣಿಸುವ ನಿಯಮವಾದರೆ ಮನಸ್ಸೂ ಬೇಗ ಬಂದೀತು.

ಎರಡನೆಯದಾಗಿ, ಅನುದಾನ ಪಡೆದು ನಡೆಯುವ ವಿಚಾರ ಸಂಕಿರಣದ ಸಂಪುಟವನ್ನು ಯೂನಿಕೋಡಿನಲ್ಲಿ ಮುಕ್ತವಾಗಿ ಪ್ರಕಟಿಸುವುದನ್ನು ಅನುದಾನದ ಶರತ್ತನ್ನಾಗಿ ಮಾಡಲಿ. ಹಳೆಯ ಸಂಪುಟಗಳನ್ನು ಸಂಪಾದಕರ, ಲೇಖಕರ ಒಪ್ಪಿಗೆ ಪಡೆದು ಒಂದೊಂದಾಗಿ ಏರಿಸಲಿ. ಒಪ್ಪಿಗೆ ಕೇಳಿದರೆ ಬೇಡವೆನ್ನುವ ಕನ್ನಡ ವಿದ್ವಾಂಸರು ಅಪರೂಪ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ಸೀಮೆಯ ಜನರನ್ನೋ ನೆಲವನ್ನೋ ಬೆಳೆಯನ್ನೋ ಕುರಿತು ಯಾವ ಭಾಷೆಯಲ್ಲಿ ಸಂಶೋಧನೆ ನಡೆದರೂ ಅದರ ಎರಡು ಪುಟದ ಕನ್ನಡ ಸಾರಾಂಶವು ಆ ಊರಿಗೆ ಮರಳಬೇಕು. ಇಂಗ್ಲಿಷ್ ಪ್ರಬಂಧವನ್ನು ಉಚಿತವಾಗಿ ಕೊಟ್ಟ ಮಾತ್ರಕ್ಕೆ ಇಳಕಲ್ಲಿನ ನೇಕಾರನಿಗೆ ಅದು ಮುಕ್ತವಾಗುವುದಿಲ್ಲ. ೨೦೦೮ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದ ತೋಟಗಾರಿಕೆ ವಿಶ್ವವಿದ್ಯಾಲಯದ ಅಂಗಳದಲ್ಲಿ ದಾಳಿಂಬೆಯ ರೋಗವನ್ನು ಕುರಿತು ಸಿದ್ಧವಾದ ಪ್ರಬಂಧದ ತಿರುಳು ಹತ್ತು ಮೈಲಿಯಾಚೆಯ ತೋಟಕ್ಕೆ ತಿಳಿಗನ್ನಡದಲ್ಲಿ ಮುಟ್ಟಬೇಕು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಇಂದು 'ಅರಿವು ಕೇಂದ್ರ'ಗಳೆಂಬ ಹೆಸರು ಪಡೆದಿವೆ. ಆ ಹೆಸರಿಗೆ ಅರ್ಥ ಬರುವುದು ಇಂಥ ಬರಹ ಅಲ್ಲಿ ಸಿಕ್ಕಿದಾಗ. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಬೀಳದಿದ್ದರೆ ಎರಡು ತುಂಡು ಬಟ್ಟೆಯೇ ಹೊರತು ಸೀರೆಯಲ್ಲ.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಬೇಕಾದ ಲೇಖನಕ್ಕೆ ಬೀಗ ಕಂಡರೆ ಕೈಚೆಲ್ಲಬೇಡಿರಿ. ಅದೇ ಲೇಖನದ ಮುಕ್ತ ಪ್ರತಿಯು ಲೇಖಕನ ಸಂಸ್ಥೆಯ ಭಾಂಡಾರದಲ್ಲಿದೆಯೇ ಎಂದು ನೋಡಿರಿ. ಇಲ್ಲದಿದ್ದರೆ ಲೇಖಕರಿಗೇ ನಾಲ್ಕು ಸಾಲು ವಿನಯದಿಂದ ಬರೆಯಿರಿ: ಇಂಥ ಊರಿನವನು, ಇಂಥ ವಿಷಯವನ್ನು ಓದುತ್ತಿದ್ದೇನೆ, ಪ್ರತಿಯನ್ನು ಕಳುಹಿಸುವಿರಾ ಎಂದು. ತಾವು ಬರೆದುದನ್ನು ಓದಬಯಸುವವನು ಬಾದಾಮಿಯಲ್ಲಿಯೇ ಇದ್ದಾನೆಂದು ತಿಳಿದರೆ ಬಾದಾಮಿಯನ್ನು ಕುರಿತು ಬರೆದ ವಿದ್ವಾಂಸನಿಗೆ ಆಗುವಷ್ಟು ಸಂತೋಷ ಬೇರೆ ಯಾರಿಗೂ ಆಗಲಾರದು. ನಾಳೆ ನೀವು ಬರೆಯುವಾಗ ನಿಮ್ಮ ಪ್ರತಿಯನ್ನು ಮೊದಲು ಭಾಂಡಾರಕ್ಕೆ ಕೊಡಲು ಮರೆಯಬೇಡಿರಿ.

ಸರಕಾರದ ಹೊಸ ಯೋಜನೆ ಬರಲಿ, ಕಾನೂನು ತಿದ್ದುಪಡಿಯಾಗಲಿ ಎಂದು ಕಾಯುತ್ತ ಕೂಡುವ ಕಾರಣವಿಲ್ಲ. ಮೇಲೆ ಹೇಳಿದ ಯಾವ ಕೆಲಸಕ್ಕೂ ಕೋಟಿಗಳು ಬೇಡ. ಒಂದು ಕಾಲೇಜು, ಒಂದು ವಿಭಾಗ, ಒಬ್ಬ ಗ್ರಂಥಪಾಲರು ಮುಂದೆ ಬಂದರೆ ಉಳಿದವರು ಹಿಂಬಾಲಿಸುವರು. ಬರುವ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಯಾವುದಾದರೊಂದು ಕಾಲೇಜು ತನ್ನ ಅಧ್ಯಾಪಕರ ಲೇಖನಗಳನ್ನೆಲ್ಲ ಮುಕ್ತವಾಗಿ ನಾಡಿನ ಮುಂದಿಟ್ಟಿತೆಂಬ ಸುದ್ದಿಯನ್ನು ಇದೇ ಪುಟದಲ್ಲಿ ಅಚ್ಚು ಹಾಕುವ ಸಂತೋಷ ನಮ್ಮದಾಗಲಿ.